ಅವ್ವನ ಜೊತೆ ಸೆವಿಯಾ: ಗಡಿಯಾರ ನೋಡಿ ಮಾಡಿದ ಪ್ಲಾನ್

ಸ್ಪೇನ್‌ನ ಸೆವಿಯಾ ಲಂಡನ್‌ಗಿಂತ ಪಶ್ಚಿಮಕ್ಕಿದೆ. ಆದರೂ ಅಲ್ಲಿನ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಹಾಗಾಗಿ ಮಾರ್ಚ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಒಂದೂವರೆಗೆ, ಬೇಸಿಗೆಯಲ್ಲಿ ಎರಡೂವರೆಗೆ. ಊಟವೂ ಸೂರ್ಯನ ಹಿಂದೆಯೇ ನಡೆಯುತ್ತದೆ. ಮಧ್ಯಾಹ್ನ ಎರಡಕ್ಕೆ ಹೋಟೆಲುಗಳು ತುಂಬುತ್ತವೆ. ನಾಲ್ಕರ ನಂತರ ಎಷ್ಟೋ ಕಡೆ ಒಲೆ ಆರಿರುತ್ತದೆ, ಮತ್ತೆ ಹೊತ್ತಿಸುವುದು ರಾತ್ರಿ ಎಂಟರ ಮೇಲೆ. ಏಳೂವರೆಗೆ ಉಂಡು ಅಭ್ಯಾಸವಿರುವ ಅವ್ವನನ್ನು ಕರೆದುಕೊಂಡು ಹೋಗುವವರು ಮೊದಲು ಇದನ್ನೇ ನೋಡಬೇಕು, ಅಲ್ವಾ? ನೋಡುವ ಜಾಗಗಳ ಪಟ್ಟಿ ಆಮೇಲೆ.

ನಾವಿರುವುದು ನೆದರ್ಲ್ಯಾಂಡ್ಸ್‌ನಲ್ಲಿ. ಅವ್ವ ಧಾರವಾಡದಿಂದ ಬಂದಿದ್ದಳು. ಅವಳ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಬರಬಹುದು. ಅದರಲ್ಲೇ ಸ್ಪೇನ್‌ಗೆ ಹೋಗಿಬರಬಹುದು, ಶೆಂಗೆನ್ ಒಳಗಿನ ಓಡಾಟಕ್ಕೆ ಎಂಟ್ರಿ ಲೆಕ್ಕ ಇಲ್ಲ. ಲಂಡನ್ ಮೇಲೆ ಸುತ್ತಿಕೊಂಡು ಹೋಗುವ ಅಗ್ಗದ ಟಿಕೆಟ್ ಕಂಡರೆ ಮಾತ್ರ ಕಣ್ಣು ಮುಚ್ಚಿಕೊಳ್ಳಿ. ಬ್ರಿಟನ್ ಶೆಂಗೆನ್‌ನಲ್ಲಿಲ್ಲ, ಆ ಒಂದು ಎಂಟ್ರಿ ಅಲ್ಲೇ ಮುಗಿದುಹೋಗುತ್ತದೆ.

ಹೋದದ್ದು ಮಾರ್ಚ್‌ನಲ್ಲಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಆ ಬಿಸಿಲು ಬೇಡ. ಈಸ್ಟರ್ ವಾರದ ಮೆರವಣಿಗೆ ಮತ್ತು ಅದಾದ ಮೇಲೆ ಬರುವ ಫೆರಿಯಾ ಜಾತ್ರೆ ಇಡೀ ಊರಿನ ಸಂಭ್ರಮ. ಆಗ ರೂಮ್ ಬಾಡಿಗೆ ಕೇಳುವ ಹಾಗೇ ಇಲ್ಲ. ಈಸ್ಟರ್ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ಕ್ಯಾಲೆಂಡರ್ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಮಾರ್ಚ್‌ನಲ್ಲಿ ಇನ್ನೊಂದು ಲಾಭ: ಬೀದಿಯ ಕಿತ್ತಳೆ ಮರಗಳು ಹೂ ಬಿಡುತ್ತವೆ, ಗಲ್ಲಿ ಗಲ್ಲಿಯಲ್ಲೂ ಘಮ. ಹಣ್ಣಿಗೆ ಮಾತ್ರ ಕೈ ಹಾಕಬೇಡಿ, ಬಾಯಿಗಿಡಲಾಗದಷ್ಟು ಕಹಿ. ಅದು ಮಾರ್ಮಲೇಡ್‌ಗೇ ಸರಿ.

ರೂಮ್ ಹಿಡಿದದ್ದು ಅರೆನಾಲ್‌ನಲ್ಲಿ, ಕೆಥೆಡ್ರಲ್‌ಗೂ ಗ್ವಾದಲ್ಕಿವೀರ್ ನದಿಗೂ ನಡುವೆ. ಸಾಂತಾ ಕ್ರೂಸ್ ಬಡಾವಣೆ ಚೆಂದವೇ, ಆದರೆ ಅಲ್ಲಿನ ಎಷ್ಟೋ ಸಂದಿಗೆ ಟ್ಯಾಕ್ಸಿ ಬರಲ್ಲ, ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯಬೇಕು. ನಮಗೆ ಮಧ್ಯಾಹ್ನ ರೂಮಿಗೆ ಬಂದು ಮಲಗುವುದು ಮುಖ್ಯವಾಗಿತ್ತು. ಹಾಗಾಗಿ ಎಲ್ಲ ಕಡೆಯಿಂದಲೂ ನಡೆದು ಬರುವಷ್ಟು ಹತ್ತಿರ ಇರಲೇಬೇಕಿತ್ತು.

ಇನ್ನು ದಿನಗಳನ್ನು ಹೊಂದಿಸುವುದು. ಭಾನುವಾರ ಬೆಳಿಗ್ಗೆ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ, ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನದ ಮೇಲೆ. ಸೋಮವಾರ ಚಿತ್ರಕಲೆಯ ಮ್ಯೂಸಿಯಂ ಬಂದ್. ಇವೆರಡನ್ನು ಅದಲುಬದಲು ಮಾಡಿದರೆ ಆಯ್ತು: ಭಾನುವಾರ ಬೆಳಿಗ್ಗೆ ಮ್ಯೂಸಿಯಂ, ಸೋಮವಾರ ಕೆಥೆಡ್ರಲ್. ಶನಿವಾರ ಬೆಳಿಗ್ಗೆ ಅಲ್ಕಾಸರ್ ಅರಮನೆ. ಅದಕ್ಕೆ ಬಾಗಿಲು ತೆಗೆಯುವ ಹೊತ್ತಿನ, ಒಂಬತ್ತೂವರೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಟ್ಟಿದ್ದೆ. ಪಾಸ್‌ಪೋರ್ಟ್ ಜೊತೆಗಿರಲಿ. ಒಳಗೆ ಹೋದವರು ಮೊದಲು ಪೆದ್ರೊ ದೊರೆಯ ಅರಮನೆಗೆ ಹೋಗಿ, ತೋಟ ಎಲ್ಲೂ ಓಡಿಹೋಗಲ್ಲ. ಪೆದ್ರೊನ ಆ ಅರಮನೆ 1360ರ ದಶಕದಲ್ಲಿ ಈ ಕ್ರೈಸ್ತ ದೊರೆ ಮುಸ್ಲಿಂ ಕುಶಲಕರ್ಮಿಗಳಿಂದ ಕಟ್ಟಿಸಿದ್ದು. ಗಾರೆಯ ಮೇಲಿನ ಅರಬ್ಬಿ ಅಕ್ಷರಗಳಲ್ಲಿ ಅವನನ್ನು ಸುಲ್ತಾನ ಅಂತಲೇ ಹೊಗಳಿದ್ದಾರೆ. ಹತ್ತೂವರೆಯ ಹೊತ್ತಿಗೆ ಗುಂಪುಗಳು ನುಗ್ಗಿದವು, ನಾವು ಅಷ್ಟರಲ್ಲಿ ತೋಟದ ನೆರಳಿನಲ್ಲಿದ್ದೆವು.

ಅರ್ಧ ದಿನಕ್ಕೆ ಟಿಕೆಟ್ ಇರುವ ಜಾಗ ಒಂದೇ. ಇದು ನಾನು ಬಿಡದ ನಿಯಮ. ಸಂಜೆಗೆ ಪುಕ್ಕಟೆ ಜಾಗಗಳು: ಒಂದು ಸಂಜೆ ಸೇತುವೆ ದಾಟಿ ನದಿಯಾಚೆಯ ತ್ರಿಯಾನಾ ಬಡಾವಣೆ, ಇನ್ನೊಂದು ಸಂಜೆ 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾ. ಅಲ್ಲಿ ಸ್ಪೇನ್‌ನ ಒಂದೊಂದು ಪ್ರಾಂತ್ಯಕ್ಕೂ ಬಣ್ಣದ ಟೈಲ್ಸ್‌ನ ಕಟ್ಟೆ ಇದೆ. ಅವ್ವ ಒಂದೊಂದರ ಮೇಲೂ ಕೂತು ನೋಡಿದಳು. ಹೊತ್ತಾಯ್ತು ಅನ್ನುವವರು ಯಾರೂ ಇರಲಿಲ್ಲ.

ಊಟದ ವಿಷಯಕ್ಕೆ ಬರೋಣ, ಸಸ್ಯಾಹಾರಿಗಳ ದೊಡ್ಡ ಚಿಂತೆ ಅದೇ. ಮಾಂಸ ಬೇಡ ಅಂದರೆ ಸಾಲದು. ಸಲಾಡ್ ಮೇಲೆ ಟ್ಯೂನಾ ಮೀನು ಬರುತ್ತದೆ, ಸಾಲ್ಮೊರೆಹೊ ಅನ್ನುವ ತಣ್ಣನೆಯ ಟೊಮೆಟೊ ಸೂಪ್ ಮೇಲೆ ಹಮೋನ್ (ಒಣಗಿಸಿದ ಹಂದಿಮಾಂಸ) ಚೂರು ಮತ್ತು ಮೊಟ್ಟೆ ಉದುರಿಸಿರುತ್ತಾರೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ವೆವೊ' ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸುತ್ತಿದ್ದೆ. ಮಾಂಸ, ಮೀನು, ಹಮೋನ್, ಮೊಟ್ಟೆ ಯಾವುದೂ ಬೇಡ ಅಂತ. ನಮ್ಮನ್ನು ಕಾಪಾಡಿದ್ದು ಈ ಊರಿನದೇ ಪದಾರ್ಥ, ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್. ಪಾಲಕ್, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಜೀರಿಗೆ, ಮೇಲೆ ಆಲಿವ್ ಎಣ್ಣೆ. ಸಣ್ಣ ಮಣ್ಣಿನ ಬಟ್ಟಲಲ್ಲಿ ಬಿಸಿಬಿಸಿ ತಂದಿಟ್ಟರು, ಅಂಚಿಗೆ ಒಂದು ತುಂಡು ಹುರಿದ ಬ್ರೆಡ್. ಜೀರಿಗೆ ವಾಸನೆಗೇ ಅವ್ವನ ಮುಖ ಅರಳಿತು. "ಇದಕ್ಕ ಬಿಸಿ ರೊಟ್ಟಿ ಇರಬೇಕಿತ್ತು ನೋಡು" ಅಂದಳು, ಇನ್ನೊಂದು ಬಟ್ಟಲು ತರಿಸಿದಳು. ಕರಿದ ಬದನೆಕಾಯಿ ಮೇಲೆ ಕಬ್ಬಿನ ಕಾಕಂಬಿ ಸುರಿದು ಕೊಡುವುದೂ ಚೆನ್ನಾಗಿರುತ್ತದೆ. ಮೀನು ಕರಿದ ಎಣ್ಣೆಯೇ ಇರಬಹುದು, ಕೇಳಿಕೊಳ್ಳಿ.

ಹೊಟ್ಟೆ ತುಂಬ ಊಟ ಎರಡೂವರೆಗೆ, ಆಮೇಲೆ ನಿದ್ದೆ, ಆರಕ್ಕೆ ಚುರ್ರೋಸ್ ಅನ್ನುವ ಕರಿದ ಹಿಟ್ಟಿನ ತಿಂಡಿ. ರಾತ್ರಿಗೆ ರೂಮಲ್ಲೇ ಹಣ್ಣು, ಮೊಸರು, ಅವ್ವ ತಂದ ಅವಲಕ್ಕಿ. ಭಾನುವಾರ ಸೂಪರ್‌ಮಾರ್ಕೆಟ್ ಬಹುತೇಕ ಬಂದ್, ಸಾಮಾನು ಶನಿವಾರವೇ ತಂದಿಡಿ. ನೀರು ಮಾತ್ರ ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು.

ಕೆಥೆಡ್ರಲ್ ಟಿಕೆಟ್‌ನಲ್ಲಿ ಹಿರಾಲ್ದಾ ಗೋಪುರವೂ ಸೇರಿದೆ. 12ನೇ ಶತಮಾನದಲ್ಲಿ ಅದು ಮಸೀದಿಯ ಮಿನಾರು. ಮೇಲಿನ ಗಂಟೆಯ ಅಂತಸ್ತು 16ನೇ ಶತಮಾನದ್ದು. ಮಂಡಿ ನೋವಿರುವವರೂ ಹತ್ತಬಹುದು, ಯಾಕೆಂದರೆ ಒಳಗೆ ಮೆಟ್ಟಿಲಿಲ್ಲ. 35 ಇಳಿಜಾರುಗಳು, ಕೊನೆಗೆ ಮಾತ್ರ ಒಂದಿಷ್ಟು ಮೆಟ್ಟಿಲು. ಅಜಾನ್ ಕೂಗುವವನು ಕುದುರೆ ಮೇಲೆ ಹೋಗಲಿ ಅಂತ ಹೀಗೆ ಕಟ್ಟಿದರಂತೆ. ಇದನ್ನು ಹೇಳಿದ್ದೇ ತಡ, "ಕುದುರಿ ಹತ್ತಿದ್ದನ್ನ ನಾ ಹತ್ತಂಗಿಲ್ಲೇನು?" ಅಂತ ಅವ್ವ ನಮಗಿಂತ ಮುಂದೆ ಹೊರಟಳು. ಪ್ರತಿ ತಿರುವಿನ ಹತ್ತಿರ ಕಿಟಕಿ ಇದೆ, ಅಲ್ಲಿ ನಿಂತು ಸುಧಾರಿಸಿಕೊಳ್ಳಬಹುದು. ಇಳಿದು ಬಂದು, ಹೋಟೆಲಿನಲ್ಲಿ ಬಿಟ್ಟಿದ್ದ ಬ್ಯಾಗ್ ಎತ್ತಿಕೊಂಡು, ಪ್ಲಾಸಾ ದೆ ಆರ್ಮಾಸ್ ಬಸ್ ನಿಲ್ದಾಣದಲ್ಲಿ ಏರ್‌ಪೋರ್ಟ್ ಬಸ್ ಹತ್ತಿದೆವು. ಅದು ಅಲ್ಲಿಂದಲೇ ಹೊರಡುವುದರಿಂದ ಸೀಟು ಸಲೀಸಾಗಿ ಸಿಗುತ್ತದೆ.