ಹಾಲಿನ ಡೇರಿ ಸಾಲಿನಲ್ಲಿ ಪೋಷಕರ ಸಭೆ

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಇಬ್ಬರು ಶಿಕ್ಷಕರು, 38 ಮಕ್ಕಳು, 31 ಮನೆ. ನಲಿಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನವರನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸೋದು, ಪೂರ್ತಿ ನನ್ನ ತಲೆ ಮೇಲೆ. ಪೋಷಕರ ಸಭೆ ಕರೆದರೆ ಐದು ಜನ ಬರುತ್ತಿದ್ದರು. ಅದರಲ್ಲಿ ಇಬ್ಬರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರು, ಒಬ್ಬರು ನಮ್ಮ ಅಡುಗೆಯಮ್ಮ. ಅವರ ಮೊಮ್ಮಗ ಒಂದನೇ ಕ್ಲಾಸಿನಲ್ಲಿದ್ದ, ಹಾಗಾಗಿ ಲೆಕ್ಕಕ್ಕೆ ಬಂತು.

ಸಭೆಗೆ ಜನ ತರಿಸಲು ನಾನು ಮಾಡದ ಸರ್ಕಸ್ ಇಲ್ಲ. ಮಕ್ಕಳ ಕೈಲೇ ಬಣ್ಣದ ಆಮಂತ್ರಣ ಬರೆಸಿ ಕಳಿಸಿದೆ. ಟೀ, ಬಿಸ್ಕತ್ತು ಇಟ್ಟೆ. ತಾಯಂದಿರಿಗೆ ರಂಗೋಲಿ ಸ್ಪರ್ಧೆ ಮಾಡಿ ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟೆ. ಅವತ್ತು ಇಪ್ಪತ್ತು ಜನ ಬಂದರು, ಮುಂದಿನ ತಿಂಗಳು ಮತ್ತೆ ಐದು. ವಾಟ್ಸಾಪ್ ಗ್ರೂಪ್ ಮಾಡಿದೆ. ಫೋನು ಇರೋದು ಅಪ್ಪಂದಿರ ಹತ್ತಿರ. ವಾರದೊಳಗೆ ಗ್ರೂಪ್ ತುಂಬಾ ಗುಡ್ ಮಾರ್ನಿಂಗ್ ಹೂವು, ಕೊಬ್ಬರಿ ರೇಟು. ಹೋಮ್‌ವರ್ಕ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬನ್ನಿ ಅಂದರೆ, ಒಬ್ಬ ಹುಡುಗ ತನ್ನದೇ ಹೆಬ್ಬೆಟ್ಟಿಗೆ ಸ್ಕೆಚ್ ಪೆನ್ ಬಳಿದು ಇಡೀ ತಿಂಗಳಿನದ್ದು ಒಂದೇ ದಿನ ಒತ್ತಿಬಿಟ್ಟಿದ್ದ. ಹೆಬ್ಬೆಟ್ಟು ಅಷ್ಟು ಚಿಕ್ಕದಾಗಿರಲ್ಲ ಅನ್ನೋದು ನನಗೆ ಹೊಳೆಯಲು ಎರಡು ವಾರ ಹಿಡಿಯಿತು!

ದಾರಿ ಹೊಳೆದದ್ದು 2020ರಲ್ಲಿ, ಕೋವಿಡ್‌ಗೆ ಶಾಲೆ ಮುಚ್ಚಿ ಊರೊಳಗೇ ಪಾಠ ಮಾಡಿದ ವಿದ್ಯಾಗಮದ ಹೊತ್ತಿನಲ್ಲಿ. ನೆನಪಿದೆಯಲ್ವಾ? ದೇವಸ್ಥಾನದ ಜಗಲಿ ಮೇಲೆ ಕೂತು ಪಾಠ ಮಾಡುತ್ತಿದ್ದೆವು. ಶಾಲೆ ಕಡೆ ತಲೆ ಹಾಕದ ಹೆಂಗಸರು ಹುಲ್ಲಿನ ಹೊರೆ ಇಳಿಸಿ ಅಲ್ಲೇ ನಿಂತು ನೋಡುತ್ತಿದ್ದರು. "ನಮ್ಮುಡ್ಗ ಓದ್ತಾನಾ ಮೇಡಂ?" ಅಂತ ಕೇಳುತ್ತಿದ್ದರು. ಅವರಿಗೆ ಆಸಕ್ತಿ ಇಲ್ಲ ಅನ್ನೋದು ಸುಳ್ಳು. ಹನ್ನೊಂದು ಗಂಟೆಗೆ ಸೀರೆ ಬದಲಿಸಿಕೊಂಡು ಶಾಲೆಗೆ ಬಂದು ಕುರ್ಚಿ ಮೇಲೆ ಕೂರೋದು ಅವರಿಂದ ಆಗದ ಕೆಲಸ, ಅಷ್ಟೇ. ಹಾಗಾದರೆ ಅವರು ದಿನಾ ತಪ್ಪದೆ ಬಂದು ನಿಲ್ಲೋ ಜಾಗ ಯಾವುದು? ಡೇರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಕ್ಕಳ ಓದನ್ನು ಅಲ್ಲಿಗೇ ಒಯ್ಯಬೇಕು ಅನ್ನಿಸಿತು. ಆದರೂ ನಾನು ಕೈ ಹಾಕಿದ್ದು ಎರಡು ವರ್ಷ ಬಿಟ್ಟು.

ಸಂಜೆ ಡೇರಿ ತೆಗೆಯೋದು ಐದೂವರೆಗೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಾಯಬೇಕು. ಮಂಗಳವಾರ, ಶುಕ್ರವಾರ ಎರಡೇ ದಿನ ಅಂತ ಇಟ್ಟುಕೊಂಡೆ. ಮನೆಯವರು "ಸಂಬಳ ಅದೇ ತಾನೇ?" ಅಂದರು. ಡೇರಿ ಸೆಕ್ರೆಟರಿ "ಲೈನು ಕೆಡುತ್ತೆ ಮೇಡಂ, ಹಾಲು ಒಡೆದರೆ ನೀವು ಕಟ್ಟಿಕೊಡ್ತೀರಾ?" ಅಂದರು. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಒಬ್ಬರು ಎಲ್ಲರೆದುರು "ಇನ್ನು ಮೇಡಂ ಹಾಲೂ ಕರೀತಾರೆ" ಅಂತ ನಗಿಸಿದರು. ಸೆಕ್ರೆಟರಿಯನ್ನು ಹೇಗೆ ಒಪ್ಪಿಸಿದೆ ಅನ್ನೋದು ಇಲ್ಲಿ ಬೇಡ, ಅವರೂ ಇದನ್ನು ಓದುತ್ತಾರೆ.

ಕೆಲಸ ಇಷ್ಟೇ. ಮಗು ಅಮ್ಮನ ಜೊತೆಗೋ ಅಜ್ಜಿ ಜೊತೆಗೋ ಸಾಲಿನಲ್ಲಿ ನಿಲ್ಲುತ್ತೆ. ಕೈಯಲ್ಲಿ ಅಂಗೈಯಗಲದ ಒಂದು ಕಾರ್ಡು. ಅದರಲ್ಲಿ ಒಂದೇ ಕೆಲಸ. ಒಂದನೇ ಕ್ಲಾಸಿಗೆ, ಪಾಸ್ ಪುಸ್ತಕದ ಮೇಲಿನ ನಂಬರು ಓದು, ಅಮ್ಮನ ಹೆಸರಿನ ಮೊದಲ ಅಕ್ಷರ ತೋರಿಸು. ಎರಡನೇ ಕ್ಲಾಸಿಗೆ, ಗೋಡೆ ಮೇಲಿನ ಒಂದು ಪದ ಓದು. ಮೂರಕ್ಕೆ, ಹಾಲು ಅಳೆಯುವ ಯಂತ್ರದಿಂದ ಬಂದ ಚೀಟಿ ಗಟ್ಟಿಯಾಗಿ ಓದು: ಎಷ್ಟು ಲೀಟರು, ಫ್ಯಾಟ್ ಎಷ್ಟು, ದುಡ್ಡು ಎಷ್ಟು. ನಾಲ್ಕು, ಐದಕ್ಕೆ ಬಟವಾಡೆ ಲೆಕ್ಕ, ಅಂದರೆ ಹಾಲಿಗೆ ಡೇರಿ ಕೊಡುವ ದುಡ್ಡಿನ ಲೆಕ್ಕ. ಲೀಟರಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿದರೆ ಎಷ್ಟು, ಬಿಟ್ಟರೆ ಎಷ್ಟು, ಹೀಗೆ. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ನಾನು ನೋಡಿಲ್ಲ. 4.6 ಲೀಟರು ಅಂದರೆ ನಾಲ್ಕು ಮತ್ತು ಆರಲ್ಲ, ನಾಲ್ಕೂವರೆಗಿಂತ ಚೂರು ಜಾಸ್ತಿ ಅಂತ ಕ್ಯಾನು ನೋಡಿಯೇ ಗೊತ್ತಾಗುತ್ತೆ.

ಒತ್ತಕ್ಷರಕ್ಕೆ ಡೇರಿ ಬೋರ್ಡೇ ಸಾಕು. 'ಹಾಲು ಉತ್ಪಾದಕರ ಸಹಕಾರ ಸಂಘ'. ಒಬ್ಬ ಹುಡುಗ ಮೂರು ವಾರ 'ಉತಪಾದಕರ' ಅಂತಲೇ ಓದಿದ. ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಅದು ಬಾಯಿಪಾಠವಾಗಿ, ಅವನು ಬಂದರೆ "ಬಂದ ನೋಡು ಉತಪಾದಕ" ಅನ್ನೋರು. ನಾಲ್ಕನೇ ವಾರ ಸಿಟ್ಟಿನಿಂದ ಸರಿಯಾಗಿ ಓದಿದ. ತ್ಪಾ ಅಂತ ಎಷ್ಟು ಒತ್ತಿ ಹೇಳಿದ ಅಂದರೆ ಪಕ್ಕದ ಕರು ಬೆಚ್ಚಿತು.

ಶುರುವಿನಲ್ಲಿ ದುಡ್ಡು ಕಳೆದದ್ದು ಲ್ಯಾಮಿನೇಷನ್‌ನಲ್ಲಿ. ಕಾರ್ಡಿಗೆ 20 ರೂಪಾಯಿಯಂತೆ ನಲವತ್ತು ಕಾರ್ಡು, ಎಂಟುನೂರು ಹೋಯಿತು. ಶಾಲಾ ಅನುದಾನ ಬಂದಿರಲಿಲ್ಲ, ನನ್ನ ಕೈಯಿಂದಲೇ. ಚೆಂದ ಕಾಣುತ್ತಿತ್ತು, ಆದರೆ ಮಗು ಓದಿತೋ ಇಲ್ಲವೋ ಅಂತ ಅಮ್ಮ ಗುರುತು ಹಾಕುವ ಹಾಗಿಲ್ಲ. ಪೆನ್ನು ಕೊಟ್ಟರೆ ಓದು ಬರದವರು ಮುಖ ತಿರುಗಿಸುತ್ತಿದ್ದರು. "ಕೈ ಸಗಣಿ ಆಗೈತೆ ಮೇಡಂ" ಅನ್ನೋರು. ಕೈ ತೊಳೆದೇ ಬಂದಿರುತ್ತಿದ್ದರು ಅಂತ ನನಗೂ ಗೊತ್ತು. ಆಮೇಲೆ ಲ್ಯಾಮಿನೇಷನ್ ಬಿಟ್ಟು ಸಾದಾ ದಪ್ಪ ಹಾಳೆಗೆ ಬಂದೆ. ಮಗು ತಡವರಿಸದೆ ಓದಿದರೆ ಕಾರ್ಡಿನ ಮೇಲಿನ ಕಿವಿ, ಅಂದರೆ ಮೂಲೆ, ಮಡಚಿ. ತಡವರಿಸಿದರೆ ಕೆಳಗಿನ ಕಿವಿ. ಓದದೇ ಹೋದರೆ ಹಾಗೇ ಬಿಡಿ. ಪೆನ್ನು ಬೇಡ, ಹೆಬ್ಬೆಟ್ಟು ಬೇಡ. ಓದು ಬರದ ಅಜ್ಜಿಗೂ ಮೊಮ್ಮಗ ತಡವರಿಸಿದ್ದು ಕಿವಿಗೆ ಗೊತ್ತಾಗುತ್ತೆ.

ಇಡೀ ಪ್ರಯೋಗ ನಿಂತಿರೋದು ಆ ಮಡಚಿದ ಮೂಲೆ ಮೇಲೆ. ಬುಧವಾರ, ಶನಿವಾರ ಬೆಳಿಗ್ಗೆ ಕಾರ್ಡು ಜೋಡಿಸಿದರೆ, ಯಾರನ್ನು ಶಿಕ್ಷಕ ಬೆಂಬಲಿತ ತಟ್ಟೆಗೆ (ನಲಿಕಲಿಯಲ್ಲಿ ಶಿಕ್ಷಕರ ಸಹಾಯ ಬೇಕಾದ ಮಕ್ಕಳ ಗುಂಪು) ಕೂರಿಸಬೇಕು ಅಂತ ಐದು ನಿಮಿಷದಲ್ಲಿ ತಿಳಿಯುತ್ತೆ. ಮಕ್ಕಳೇ ಮಡಚಿಕೊಂಡು ಬರಲ್ವಾ ಅಂತ ಕೇಳುತ್ತೀರಿ. ಬಂದರು, ಎರಡೇ ವಾರಕ್ಕೆ. ಅದನ್ನು ತಡೆಯಲು ಒಂದು ಉಪಾಯ ಮಾಡಿದ್ದೇನೆ. ಹೇಳಲ್ಲ. ನಮ್ಮ ಐದನೇ ಕ್ಲಾಸಿನವರು ಅಪ್ಪನ ಮೊಬೈಲು ಚೆನ್ನಾಗಿಯೇ ನೋಡುತ್ತಾರೆ.

ಊರು ನಂಬಿದ್ದು ಮಾತ್ರ ನನ್ನಿಂದಲ್ಲ, ಮೂರನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ದೀಪಾವಳಿ ಆಸುಪಾಸು. ಅಜ್ಜಿ ಹಾಲು ಹಾಕಿ ಚೀಟಿ ಸೆರಗಿಗೆ ಕಟ್ಟುತ್ತಿದ್ದರು. ಇವಳು ಕಿತ್ತುಕೊಂಡು ಓದಿದಳು. "ಅಜ್ಜಿ, ಇದು ನಮ್ ನಂಬರಲ್ಲ. ನಮ್ದು ನಲವತ್ತೇಳು. ಇದ್ರಲ್ಲಿ ಎಪ್ಪತ್ನಾಕು ಐತೆ." ಅಜ್ಜಿ "ಹಾಲು ಹಾಕಾಯ್ತಲ್ಲ, ನಡಿ" ಅಂದರು. ಇವಳು ಕದಲಲಿಲ್ಲ. ಯಂತ್ರಕ್ಕೆ ನಂಬರು ತಿರುಗುಮುರುಗಾಗಿ ಒತ್ತಿತ್ತು. ಐದು ಲೀಟರಿನ ಮೇಲೆ ಹಾಲು, ನೂರೆಪ್ಪತ್ತು ಚಿಲ್ಲರೆ ರೂಪಾಯಿ ಇನ್ನೊಬ್ಬರ ಖಾತೆಗೆ ಹೋಗುತ್ತಿತ್ತು. ಅಲ್ಲೇ ಸರಿಮಾಡಿದರು. ಮುಂದಿನ ಮಂಗಳವಾರ ನಾನು ಕರೆಯದೆಯೇ ಒಂದು ಡಜನ್ ಮಕ್ಕಳು ಜಾಸ್ತಿ ನಿಂತಿದ್ದರು.

ಇಷ್ಟರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಂಬತ್ತು ಮನೆಯಲ್ಲಿ ಹಸುವೇ ಇಲ್ಲ. ಕೂಲಿ ಮನೆಗಳು. ಎರಡು ತಿಂಗಳು ಅದು ನನ್ನ ತಲೆಗೇ ಬರಲಿಲ್ಲ. ಒಂದು ಸಂಜೆ ಎರಡನೇ ಕ್ಲಾಸಿನ ಒಬ್ಬಳು ಖಾಲಿ ಚೊಂಬು ಹಿಡಿದು ಸಾಲಿನ ಕೊನೆಗೆ ನಿಂತಿದ್ದಳು. ಯಾಕೆ ಅಂತ ಕೇಳಿದರೆ ತಲೆ ತಗ್ಗಿಸಿದಳು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೊದಲು ನ್ಯಾಯಬೆಲೆ ಅಂಗಡಿಯಲ್ಲಿ ಇಂಥದ್ದೇ ಮಾಡೋಣ ಅಂತ ಹೋದೆ. ತಿಂಗಳಿಗೊಮ್ಮೆ ಕೊಡೋ ಅಕ್ಕಿಗೆ ನೂಕುನುಗ್ಗಲು, ಏನೂ ಆಗಲಿಲ್ಲ. ಆಮೇಲೆ ಡೇರಿಯಲ್ಲೇ ನೋಡಿದೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಒಬ್ಬರೇ ಹಾಲು ತರುವ ಮುದುಕಿಯರು ಏಳೆಂಟು ಜನ ಇದ್ದರು. ಹಸು ಇಲ್ಲದ ಮನೆಯ ಮಕ್ಕಳನ್ನು ಅವರಿಗೆ ಜೋಡಿ ಮಾಡಿದೆ. ಚೀಟಿ ಓದೋದು ಮಗುವಿನ ಕೆಲಸ, ಕಿವಿ ಮಡಚೋದು ಅಜ್ಜಿ ಕೆಲಸ. ಈಗ ನಿಜ ಹೇಳಬೇಕು ಅಂದರೆ ಇವರೇ ಎಲ್ಲರಿಗಿಂತ ಮುಂದೆ. ಚೊಂಬಿನ ಹುಡುಗಿಗೆ ಅವಳ ಅಜ್ಜಿ ವಾರಕ್ಕೊಮ್ಮೆ ಗಿಣ್ಣೋ ಮಜ್ಜಿಗೆಯೋ ಕೊಟ್ಟು ಕಳಿಸುತ್ತಾರೆ. ಆ ಹುಡುಗಿಯ ಅಮ್ಮ ಕೂಲಿ ಮುಗಿಸಿ ಬರುವಾಗ ಈಗ ಡೇರಿ ಮುಂದೆಯೇ ಹಾದು ಬರುತ್ತಾರೆ.

ತರಗತಿಯೊಳಗೂ ಒಂದು ಡೇರಿ ಮಾಡಿದ್ದೇನೆ. ಸ್ಟೀಲ್ ಅಳತೆ ಪಾತ್ರೆ ಒಂದು ಸೆಟ್ಟು ನಾನೂರರ ಹತ್ತಿರ, ಬಾಟಲಿಗಳು ಪುಕ್ಕಟೆ. ಹಾಲಿನ ಬದಲು ಸುಣ್ಣದ ನೀರು ಬೇಡ, ಕಣ್ಣಿಗೆ ಬೀಳುತ್ತೆ, ಅಕ್ಕಿ ತೊಳೆದ ನೀರು ಸಾಕು. ಒಬ್ಬ ಸೆಕ್ರೆಟರಿ, ಒಬ್ಬ ಟೆಸ್ಟರು, ಉಳಿದವರು ಹಾಲಿನವರು. ನಿಜವಾದ ಚೀಟಿಗಳನ್ನು ಗೋಂದು ಹಚ್ಚಿ ನೋಟ್‌ಬುಕ್ಕಿಗೆ ಅಂಟಿಸಿ ಇಡೀ ವರ್ಷದ ದಾಖಲೆ ಮಾಡೋಣ ಅಂತಿದ್ದೆ. ಒಂದು ತಿಂಗಳಿಗೆ ಅಕ್ಷರವೆಲ್ಲ ಮಾಯ! ಆ ಕಾಗದವೇ ಹಾಗೆ, ಗೋಂದು ತಾಗಿದರೆ ಮುಗೀತು. ಈಗ ಮಕ್ಕಳೇ ಅವತ್ತಿನದ್ದು ಅವತ್ತೇ ಪೆನ್ಸಿಲ್‌ನಲ್ಲಿ ಬರೆದುಕೊಂಡು ಕಲಿಕಾ ಚಪ್ಪರಕ್ಕೆ, ಅಂದರೆ ತರಗತಿಯಲ್ಲಿ ತಲೆ ಮೇಲೆ ಕಟ್ಟಿದ ದಾರಗಳಿಗೆ, ನೇತುಹಾಕುತ್ತಾರೆ.

ಶಾಲೆ ಮಕ್ಕಳಿಗೆ ಸರ್ಕಾರ ಕೊಡುವ ಕ್ಷೀರಭಾಗ್ಯದ ಹಾಲು ಕಾಯಿಸುವ ದಿನ ನಾಲ್ಕು-ಐದನೇ ಕ್ಲಾಸಿಗೆ ಲೆಕ್ಕ ಅಲ್ಲೇ. ಒಬ್ಬರಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. 38 ಮಕ್ಕಳಿಗೆ ಎಷ್ಟು? 684 ಗ್ರಾಂ, 5.7 ಲೀಟರು. ಲೆಕ್ಕ ಮುಗಿದ ಮೇಲೆ ಒಬ್ಬ ಕೇಳಿದ, "ಮಿಸ್, ನಾವು ಹಾಕಿದ ಹಾಲನ್ನೇ ಒಣಗಿಸಿ ವಾಪಸ್ ಕೊಡ್ತಾರಾ?" ಆ ಪಿರಿಯಡ್ ಪೂರ್ತಿ ಅದಕ್ಕೇ ಹೋಯಿತು.

ಅಡ್ಡದಾರಿ ಹಿಡಿದ ಪ್ರಯೋಗಗಳೂ ಇವೆ. ಒಬ್ಬ ತಾತನನ್ನು ಶಾಲೆಗೆ ಕರೆಸಿ ರಾಗಿ ಅಳೆಸಿದೆ. ಪಾವು, ಅಚ್ಚೇರು, ಸೇರು ಮುಂದಿಟ್ಟುಕೊಂಡು ಕಾಲು, ಅರ್ಧ, ಒಂದು ತೋರಿಸಿದರು. ಭಿನ್ನರಾಶಿ ಒಂದೇ ದಿನಕ್ಕೆ ಅರ್ಥವಾಯಿತು. ಆದರೆ ಅಳೆಯುವಾಗ ತಾತ ಹಳೇ ರೂಢಿಯಂತೆ "ಲಾಭ, ಎರಡು, ಮೂರು" ಅಂತ ಎಣಿಸಿದರು. ಮಾರನೇ ದಿನ ಒಂದನೇ ಕ್ಲಾಸಿನ ಅರ್ಧ ಮಕ್ಕಳು 1 ತೋರಿಸಿದರೆ "ಲಾಭ" ಅನ್ನೋಕೆ ಶುರುಮಾಡಿದರು. ಅದನ್ನು ಬಿಡಿಸಲು ವಾರ ಬೇಕಾಯಿತು. ಅಪ್ಪಂದಿರಿಗೆ ಅಂತ ಟೀ ಅಂಗಡಿಯಲ್ಲಿ ಒಂದು ಕರಿಹಲಗೆ ನೇತುಹಾಕಿ ದಿನಕ್ಕೊಂದು ಲೆಕ್ಕ ಬರೆದೆ, ಮಗನನ್ನು ಕೇಳಿ ಉತ್ತರ ಹೇಳಿ ಅಂತ. ಚೆನ್ನಾಗಿಯೇ ಓಡಿತು. ಆಮೇಲೆ ಉತ್ತರದ ಮೇಲೆ ಹತ್ತು ಹತ್ತು ರೂಪಾಯಿ ಬಾಜಿ ಕಟ್ಟುತ್ತಿದ್ದಾರೆ ಅಂತ ಸುದ್ದಿ ಬಂತು. ಹಲಗೆ ಇಳಿಸಿದೆ.

ಒಟ್ಟು ಖರ್ಚು ಮೊದಲ ವರ್ಷ ನಾಲ್ಕೂವರೆ ಸಾವಿರ ಇರಬೇಕು. ಅದರಲ್ಲಿ ಸಾವಿರದ ಇನ್ನೂರು ಲ್ಯಾಮಿನೇಷನ್ನು, ಸ್ಟೀಲ್ ಡಬ್ಬಿ ಅಂತ ದಂಡ. ಈಗ ಜೆರಾಕ್ಸಿಗೆ ವಾರಕ್ಕೆ ಇಪ್ಪತ್ತು ರೂಪಾಯಿ ಸಾಕು, ಒಂದು ಹಾಳೆಗೆ ಎಂಟು ಕಾರ್ಡು ಬರುತ್ತೆ. ಎರಡು-ಮೂರನೇ ಕ್ಲಾಸಿನ 16 ಮಕ್ಕಳಲ್ಲಿ ಜೂನ್‌ನಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಳ್ಳದೆ ಸರಾಗವಾಗಿ ವಾಕ್ಯ ಓದುತ್ತಿದ್ದವರು ಐದು ಜನ. ಫೆಬ್ರವರಿಗೆ ಹನ್ನೆರಡೋ ಹದಿಮೂರೋ. ಉಳಿದವರಲ್ಲಿ ಇಬ್ಬರು ಇನ್ನೂ ತೀರಾ ಹಿಂದಿದ್ದಾರೆ. ಒಬ್ಬನಿಗೆ ಕಣ್ಣಿನ ತೊಂದರೆ ಅಂತ ಡೇರಿಯಲ್ಲೇ ಗೊತ್ತಾಯಿತು, ಚೀಟಿಯನ್ನು ಮೂಗಿಗೆ ಹಿಡಿದು ಓದುತ್ತಿದ್ದ. ಕ್ಲಾಸಿನಲ್ಲಿ ನಾನು ಅದನ್ನು ಗಮನಿಸಿರಲಿಲ್ಲ.

ಕಳೆದ ಸಭೆಗೆ 31 ಮನೆಯಲ್ಲಿ 24 ಮನೆಯವರು ಬಂದರು. ಸಭೆ ಇಟ್ಟಿದ್ದು ಡೇರಿ ಕಟ್ಟೆ ಮೇಲೆ, ಸಂಜೆ ಆರೂವರೆಗೆ, ಕ್ಯಾನು ಗಾಡಿ ಹೋದ ಮೇಲೆ. ಕ್ಲಸ್ಟರ್ ಸಭೆಯಲ್ಲಿ ನಗಿಸಿದ್ದರಲ್ಲ, ಅವರೂ ಬಂದಿದ್ದರು, ಕಾರ್ಡಿನ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಈಗ ಹೊಸ ತಲೆನೋವು ಬಂದಿದೆ. ಇನ್ನು ಚೀಟಿ ನಿಲ್ಲಿಸಿ ಮೊಬೈಲಿಗೇ ಮೆಸೇಜ್ ಕಳಿಸೋ ಮಾತು ನಡೀತಿದೆಯಂತೆ. ನಾನು ಸೆಕ್ರೆಟರಿಯನ್ನು ಕೇಳೋಣ ಅಂತ ಹೋದರೆ, ನನಗಿಂತ ಮುಂಚೆ ಆ ನಲವತ್ತೇಳನೇ ನಂಬರಿನ ಅಜ್ಜಿ ಕಿಟಕಿ ಹಿಡಿದು ನಿಂತಿದ್ದರು. "ನಂಗೆ ಫೋನು ಗೀನು ಬ್ಯಾಡ. ಚೀಟಿ ಕೊಡು. ನಮ್ ಹುಡ್ಗಿ ಓದ್ಬೇಕು."