ಕೆಲಸ ಹೋದಾಗ ಇಎಸ್‌ಐನಿಂದ ದುಡ್ಡು ಪಡೆದದ್ದು ಹೇಗೆ: ನನ್ನ ಅನುಭವ

2021ರ ಏಪ್ರಿಲ್ 30, ಶುಕ್ರವಾರ. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ನನಗೆ ಕ್ವಾಲಿಟಿ ಚೆಕಿಂಗ್ ಕೆಲಸ. ಅವತ್ತು ಸಂಜೆ ಎಂಟು ಜನರನ್ನು ಕರೆದು, ನಾಳೆಯಿಂದ ಬರಬೇಡಿ, ಕಾಂಟ್ರಾಕ್ಟ್ ಮುಗಿಯಿತು ಅಂದರು. ನಾವೆಲ್ಲ ಕಾಂಟ್ರಾಕ್ಟರ್ ಕಡೆಯವರು. ಕೊರೊನಾ ಎರಡನೇ ಅಲೆ, ಆರ್ಡರ್ ಇರಲಿಲ್ಲ, ಅದು ನಮಗೂ ಕಾಣುತ್ತಿತ್ತು. ಆದರೂ ಅಳತೆ ನೋಡುವ ವರ್ನಿಯರ್ ಒರೆಸಿ ಡಬ್ಬಿಯೊಳಗೆ ಇಟ್ಟು ಬರುವಾಗ ಕೈ ನಡುಗಿತು. ಮನೆಯವರದು ಆಟೋ, ಅದೂ ಆ ವಾರದಿಂದ ನಿಂತಿತ್ತು. ಮಗಳು ಎಂಟನೇ ಕ್ಲಾಸು.

ಗೇಟ್ ಹತ್ತಿರ ಸೂಪರ್‌ವೈಸರ್ ಒಂದು ಬಿಳಿ ಹಾಳೆ ಹಿಡಿದುಕೊಂಡು, "ಸ್ವಂತ ಇಚ್ಛೆಯಿಂದ ಬಿಡ್ತಿದೀನಿ ಅಂತ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಆಗುತ್ತೆ" ಅಂದರು. ಮೂರು ಜನ ಬರೆದುಕೊಟ್ಟರು. ನಾನು ಬರೆಯಲಿಲ್ಲ. ನನ್ನ ಚಿಕ್ಕಪ್ಪ ಮೊದಲು ಯೂನಿಯನ್‌ನಲ್ಲಿದ್ದವರು, ಯಾರೇ ಕೇಳಲಿ, ತಾನಾಗಿ ಬಿಟ್ಟೆ ಅಂತ ಮಾತ್ರ ಬರೆಯಬೇಡ ಅಂತ ಯಾವಾಗಲೋ ಹೇಳಿದ್ದು ನೆನಪಿತ್ತು. ಬದಲಿಗೆ ನಾನೇ ಒಂದು ಪತ್ರ ಕೇಳಿದೆ: ಕಾಂಟ್ರಾಕ್ಟ್ ಮುಗಿದಿದ್ದರಿಂದ ಮೇ 1ರಿಂದ ಇವರಿಗೆ ಕೆಲಸ ಇಲ್ಲ ಅಂತ, ಲೆಟರ್‌ಹೆಡ್ ಮೇಲೆ, ಸೀಲ್ ಹಾಕಿ. ಕೊಡಲು ಎರಡು ವಾರ ಸತಾಯಿಸಿದರು, ಆದರೆ ಕೊಟ್ಟರು. ಆ ಒಂದು ಹಾಳೆ ಮುಂದೆ ಬಹಳ ಕೆಲಸಕ್ಕೆ ಬಂತು.

ಇಎಸ್‌ಐ ಅನ್ನೋದು ಸಂಬಳದಲ್ಲಿ ಕಂತು ಹಿಡಿದು ನಡೆಸುವ ನೌಕರರ ರಾಜ್ಯ ವಿಮೆ. ಆದರೆ ನಮ್ಮಲ್ಲಿ ಎಲ್ಲರಿಗೂ ಅದು ಅಂದರೆ ಮಾತ್ರೆ, ಡಿಸ್ಪೆನ್ಸರಿ, ರಾಜಾಜಿನಗರದ ಆಸ್ಪತ್ರೆ, ಅಷ್ಟೇ. ಕೆಲಸ ಹೋದರೆ ದುಡ್ಡು ಕೊಡುತ್ತಾರೆ ಅಂತ ನನಗೂ ಗೊತ್ತಿರಲಿಲ್ಲ, ಚಿಕ್ಕಪ್ಪನೇ ಹೇಳಿದ್ದು. ಆ ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಶುರುವಾಗಿದ್ದು. ಮೊದಲು ದಿನದ ಸರಾಸರಿ ಗಳಿಕೆಯ ಕಾಲು ಭಾಗ ಕೊಡುತ್ತಿದ್ದರು, ಅದೂ ಕೆಲಸ ಹೋಗಿ 90 ದಿನ ಆದಮೇಲೆ. ಕೊರೊನಾ ಬಂದಮೇಲೆ, 2020ರ ಮಾರ್ಚ್ 24ರಿಂದ, ಅದನ್ನು ಅರ್ಧಕ್ಕೆ ಏರಿಸಿದರು. ಕಾಯುವುದು 30 ದಿನಕ್ಕೆ ಇಳಿಯಿತು. ಇನ್ನೊಂದು ಒಳ್ಳೆಯ ಬದಲಾವಣೆ ಅಂದರೆ ಅರ್ಜಿ ಮಾಲೀಕರ ಕೈ ಹಾದು ಬರಬೇಕಾಗಿಲ್ಲ, ನಾವೇ ನೇರವಾಗಿ ಬ್ರಾಂಚ್ ಆಫೀಸಿಗೆ ಕೊಡಬಹುದು. ಜೀವನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ ಈ ದುಡ್ಡು.

ಇದು ಯಾರೋ ಕೊಡುವ ದಾನ ಅಲ್ಲ ಅನ್ನೋದು ನನಗೆ ಸಂಬಳದ ಚೀಟಿ ನೋಡಿದಾಗ ಮನಸ್ಸಿಗೆ ಬಂತು. 15,000 ಸಂಬಳಕ್ಕೆ ತಿಂಗಳಿಗೆ 113 ರೂಪಾಯಿ ಹಿಡಿಯುತ್ತಿದ್ದರು. ಅದು 0.75 ಶೇಕಡಾ. ಕಾಂಟ್ರಾಕ್ಟರ್ ಕಡೆಯಿಂದ 3.25 ಶೇಕಡಾ. ಐದು ವರ್ಷದಿಂದ ಕಟ್ಟಿದ್ದೇನೆ, ಕೇಳಲು ನಾಚಿಕೆ ಯಾಕೆ ಅಲ್ವಾ?

ಅರ್ಹತೆ ಹೀಗೆ. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಕಂತಿನ ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ 78 ದಿನದ ಕಂತು ಕಟ್ಟಿರಬೇಕು, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ. ನನಗೆ ಅದೇನೂ ಕಷ್ಟ ಆಗಲಿಲ್ಲ. ತಪ್ಪು ಮಾಡಿ ಶಿಕ್ಷೆಯಾಗಿ ಹೊರಗೆ ಹಾಕಿದವರಿಗೆ, ವಯಸ್ಸಾಗಿ ರಿಟೈರ್ ಆದವರಿಗೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರಿಗೆ ಸಿಗುವುದಿಲ್ಲ.

ಕಷ್ಟ ಆಗಿದ್ದು ಬೇರೆ ಕಡೆ. ಜೂನ್ ಕೊನೆಯಲ್ಲಿ ಲಾಕ್‌ಡೌನ್ ಸಡಿಲವಾಗಿ ಬಸ್ ಓಡಲು ಶುರುವಾದಮೇಲೆ ಬ್ರಾಂಚ್ ಆಫೀಸಿಗೆ ಹೋದೆ. ಗಾಜಿನ ಹಿಂದೆ ಕೂತ ಮೇಡಂ ನನ್ನ ಹತ್ತಂಕಿಯ ಇಎಸ್‌ಐ ನಂಬರ್ ಒತ್ತಿ, ಸ್ವಲ್ಪ ಹೊತ್ತು ನೋಡಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ನೀವು ರಜೆಯಲ್ಲಿದೀರಿ ಅಂತ ಇದೆಯಲ್ಲಮ್ಮ, ಕೆಲಸ ಹೋಗಿದೆ ಅಂತ ಎಲ್ಲಿದೆ?" ಮೇ ತಿಂಗಳ ಸಾಲಿನಲ್ಲಿ ದಿನ ಸೊನ್ನೆ, ಸಂಬಳ ಸೊನ್ನೆ, ಕಾರಣದ ಜಾಗದಲ್ಲಿ ಆನ್ ಲೀವ್.

ಅವರೇ ಕೂತು ಬಿಡಿಸಿ ಹೇಳಿದರು. ಕಾಂಟ್ರಾಕ್ಟರ್ ಪ್ರತಿ ತಿಂಗಳ ಕಂತನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುತ್ತಾನೆ. ಆಗ ಯಾರಿಗಾದರೂ ಕೆಲಸದ ದಿನ ಸೊನ್ನೆ ಇದ್ದರೆ ಯಾಕೆ ಅಂತ ಒಂದು ಕಾರಣ ಆರಿಸಬೇಕು. ರಜೆ, ಕೆಲಸ ಬಿಟ್ಟರು, ರಿಟೈರ್, ರಿಟ್ರೆಂಚ್‌ಮೆಂಟ್ (ಮಾಲೀಕರೇ ಜನ ಕಡಿಮೆ ಮಾಡುವುದು), ಕೆಲಸ ಇಲ್ಲ, ಹೀಗೆ ಒಂದು ಪಟ್ಟಿ. ಕೆಲಸ ಬಿಟ್ಟರು ಅಥವಾ ರಿಟ್ರೆಂಚ್‌ಮೆಂಟ್ ಅಂತ ಹಾಕಿದರೆ ಕೊನೆಯ ಕೆಲಸದ ದಿನಾಂಕವೂ ತುಂಬಬೇಕು. ರಜೆ ಅಂತ ಹಾಕಿದರೆ ಆ ತಲೆನೋವು ಇಲ್ಲ. ಆದರೆ ಆ ಒಂದು ಪದದಿಂದ ನಾನು ಲೆಕ್ಕದಲ್ಲಿ ಇನ್ನೂ ಕೆಲಸದಲ್ಲೇ ಇದ್ದೆ.

ಕಾಂಟ್ರಾಕ್ಟರ್ ಆಫೀಸಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಬಾಗಿಲು ಹಾಕಿತ್ತು. ಎರಡನೇ ಸಲ ಅಕೌಂಟೆಂಟ್ "ಆಗಲ್ಲಮ್ಮ, ಕ್ಲೋಸ್ ಆಗಿದೆ" ಅಂದರು. ಮೂರನೇ ಸಲ ಅವರದೇ ಸೀಲ್ ಇರುವ ಪತ್ರವನ್ನು ಮೇಜಿನ ಮೇಲಿಟ್ಟು, "ಸರ್, ಮೇ 1ರಿಂದ ಕೆಲಸ ಇಲ್ಲ ಅಂತ ನೀವೇ ಬರೆದಿದೀರಿ, ರಜೆ ಅಂತಲೂ ನೀವೇ ಹಾಕಿದೀರಿ, ಎರಡರಲ್ಲಿ ಒಂದು ಸರಿ ಮಾಡಿ" ಅಂದೆ. ಜಗಳ ಮಾಡಲಿಲ್ಲ, ಆದರೆ ಕುರ್ಚಿ ಬಿಟ್ಟು ಏಳಲೂ ಇಲ್ಲ. ಜೂನ್ ತಿಂಗಳ ಕಂತು ಕಟ್ಟುವಾಗ ಸರಿ ಮಾಡ್ತೀನಿ ಅಂದರು. ಜುಲೈ ಮೊದಲ ವಾರ ನಾನು ಎದುರಿಗೆ ಕೂತಿರುವಾಗಲೇ ಕೆಲಸ ಬಿಟ್ಟರು ಅಂತ ಬದಲಿಸಿ, ಏಪ್ರಿಲ್ 30 ಅಂತ ದಿನಾಂಕ ಹಾಕಿದರು. ಅದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೆ. ಕೆಲಸ ಹೋದವರು ಯಾರೇ ಇರಲಿ, ಇಎಸ್‌ಐ ಪೋರ್ಟಲಿನಲ್ಲಿ (ವೆಬ್‌ಸೈಟಿನಲ್ಲಿ) ತಮ್ಮ ನಂಬರಿನಿಂದ ಲಾಗಿನ್ ಆಗಿ ಈ ಒಂದು ಸಾಲು ಮೊದಲು ನೋಡಿಕೊಳ್ಳಿ.

ಆಮೇಲಿನದು ಸಲೀಸು. ಪೋರ್ಟಲಿನಲ್ಲೇ ಅರ್ಜಿ ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ಜೊತೆ ಕೊಡುವುದು. ಸೈಬರ್ ಸೆಂಟರಿನ ಹುಡುಗ 20 ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಬೇಕು, ನಾನೇ ಮಾಡಿಸಿಕೊಡ್ತೀನಿ ಅಂದ. ಮೊದಲು ಬೇಕಿತ್ತು, ನಿಜ. 2020ರ ನವೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದ್ದಾರೆ ಅಂತ ಮೇಡಂ ಹೇಳಿದ್ದರಿಂದ ಆ ಖರ್ಚು ಉಳಿಯಿತು.

ಪಾಸ್‌ಬುಕ್ ಮಾತ್ರ ಒಂದು ದಿನ ತಿಂದಿತು. ನನ್ನ ಖಾತೆ ಸಿಂಡಿಕೇಟ್ ಬ್ಯಾಂಕಿನಲ್ಲಿ ತೆರೆದಿದ್ದು. ಅದು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಡೆಯುವುದಿಲ್ಲ ಅಂತ ಬ್ಯಾಂಕಿನವರು ಮೊದಲೇ ತಿಳಿಸಿದ್ದರು. ನನ್ನ ಕೈಯಲ್ಲಿದ್ದದ್ದು ಹಳೇ ಪುಸ್ತಕ. ಅದನ್ನೇ ಕೊಟ್ಟಿದ್ದರೆ ದುಡ್ಡು ವಾಪಸ್ ಹೋಗುತ್ತಿತ್ತೇನೋ. ಹೊಸ ಪಾಸ್‌ಬುಕ್ ಬರೆಸಿಕೊಂಡು ಮಾರನೇ ದಿನ ಅರ್ಜಿ ಕೊಟ್ಟೆ.

ಈಗ ದುಡ್ಡಿನ ಲೆಕ್ಕ. ತಿಂಗಳ ಸಂಬಳವನ್ನು ಕೆಲಸದ 26 ದಿನಕ್ಕೆ ಹಂಚಿದರೆ ದಿನಕ್ಕೆ 577, ಅರ್ಧ ಅಂದರೆ 288 ಬರುತ್ತೆ ಅಂದುಕೊಂಡಿದ್ದೆ. ಬಂದಿದ್ದು 225. ಅವರು ಹಿಂದಿನ ನಾಲ್ಕು ಅವಧಿಯ ಪೂರ್ತಿ ಗಳಿಕೆಯನ್ನು ಕೂಡಿಸಿ ಎರಡು ವರ್ಷದ 730 ದಿನದಿಂದ ಭಾಗಿಸುತ್ತಾರೆ, ಭಾನುವಾರ, ಹಬ್ಬ ಎಲ್ಲಾ ಸೇರಿ. ನನ್ನದು ಒಟ್ಟು 3,28,500 ಇತ್ತು, ಯಾಕೆಂದರೆ 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳು ಸಂಬಳವೇ ಇರಲಿಲ್ಲ. ಭಾಗಿಸಿದರೆ 450, ಅದರ ಅರ್ಧ 225. ಮುಂದಿನ ದಿನಗಳಿಗೆ ಮೊದಲೇ ಕೇಳುವ ಹಾಗಿಲ್ಲ, ಆದ್ದರಿಂದ ಮೇ, ಜೂನ್ ಸೇರಿ 61 ದಿನಕ್ಕೆ ಮೊದಲು ಅರ್ಜಿ ಹಾಕಿದೆ. ಜುಲೈ ಕೊನೆಯಲ್ಲಿ 13,725 ಖಾತೆಗೆ ಬಂತು. ಉಳಿದ 29 ದಿನದ 6,525 ಆಗಸ್ಟ್‌ನಲ್ಲಿ. ಮಧ್ಯದಲ್ಲಿ ಬೇರೆ ಕೆಲಸ ಸಿಕ್ಕಿದ್ದರೆ ಆ ದಿನಕ್ಕೇ ನಿಲ್ಲುತ್ತಿತ್ತು. ನನಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ.

ಒಟ್ಟು 20,250. ಜಾಸ್ತಿ ಏನಲ್ಲ ಅನ್ನಿಸಬಹುದು. ಮೊದಲ ಕಂತು ಬಂದ ದಿನ ಎರಡು ತಿಂಗಳ ಬಾಕಿ ಬಾಡಿಗೆ ಕೊಟ್ಟೆವು. ಈ ದುಡ್ಡು ಪಡೆಯುವ ಅವಧಿಗೆ ಇಎಸ್‌ಐ ಚಿಕಿತ್ಸೆಯೂ ಇರುತ್ತದೆ, ಅಮ್ಮನ ಶುಗರ್ ಮಾತ್ರೆ ಡಿಸ್ಪೆನ್ಸರಿಯಿಂದಲೇ ತಂದೆವು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕಾರ್ಖಾನೆಯನ್ನೇ ಕಾನೂನು ಪ್ರಕಾರ ಮುಚ್ಚಿದ್ದರೆ, ಅಥವಾ ರಿಟ್ರೆಂಚ್‌ಮೆಂಟ್ ಮಾಡಿದ್ದರೆ, ಮೊದಲು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಗ್ಗೆ ಕೇಳಿ. ಅದು 2005ರಿಂದ ಇದೆ. ಮೊದಲ ವರ್ಷ ಸಂಬಳದ ಅರ್ಧ, ಎರಡನೇ ವರ್ಷ ಕಾಲು ಭಾಗ, ಒಟ್ಟು 24 ತಿಂಗಳು. ನನಗೆ ಅದು ಅನ್ವಯಿಸಲಿಲ್ಲ. ಅಟಲ್ ಯೋಜನೆ ಕಾಯಂ ಅಲ್ಲ, ಅವಧಿ ಮುಗಿದಾಗಲೆಲ್ಲ ಮುಂದುವರಿಸುತ್ತಾ ಬಂದಿದ್ದಾರೆ, ಆದ್ದರಿಂದ ಹೋಗುವ ಮೊದಲು ಈಗ ಯಾವ ದಿನಾಂಕದವರೆಗೆ ಇದೆ ಅಂತ ವಿಚಾರಿಸಿಕೊಳ್ಳಿ.

ಆಗಸ್ಟ್‌ನಲ್ಲಿ, ನಮ್ಮ ಶಾಪಿನಲ್ಲಿ ಡಿಬರಿಂಗ್ (ಲೋಹದ ಚೂಪು ಅಂಚು ಉಜ್ಜುವ ಕೆಲಸ) ಮಾಡುತ್ತಿದ್ದ ಹುಡುಗಿ ಫೋನ್ ಮಾಡಿ, "ಅಕ್ಕಾ, ನಂದು ಏನಂತ ಇದೆ ನೋಡ್ತೀರಾ" ಅಂದಳು. ಗೇಟ್ ಹತ್ತಿರ ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಮೂವರಲ್ಲಿ ಅವಳೂ ಒಬ್ಬಳು. ಅವಳ ನಂಬರಿನಿಂದ ಲಾಗಿನ್ ಆಗಿ ನೋಡಿದರೆ ಮೇ, ಜೂನ್ ಎರಡರಲ್ಲೂ ಆನ್ ಲೀವ್. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಅದೇ ಅಕೌಂಟೆಂಟ್ ಎದುರಿನ ಕುರ್ಚಿಯಲ್ಲಿ ಕೂತೆವು.