ಹೈಸ್ಕೂಲಲ್ಲೇ ನರ್ಸ್ ಏಡ್ ತರಬೇತಿ: ನಾನು ಕಲಿಸುವ ರೀತಿ

ನಾನು ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಿ. ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ ಬಂದ ಮೇಲೆ ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಕೊಂಡೆ. ಮೊದಲು ಆಸ್ಪತ್ರೆ, ಆಮೇಲೆ ವೃದ್ಧರ ಆರೈಕೆ ಕೇಂದ್ರ. ಈಗ ಟೀಚರ್. ಅದೂ ಅರ್ಧ ಹೈಸ್ಕೂಲು, ಅರ್ಧ ಕಾಲೇಜು ಆಗಿರುವ ಕಡೆ.

ಇದಕ್ಕೆ ಇಲ್ಲಿ ಅರ್ಲಿ ಕಾಲೇಜ್ ಅಂತಾರೆ. ಮಕ್ಕಳು ಒಂಬತ್ತನೇ ಕ್ಲಾಸಿಗೆ ಸೇರುತ್ತಾರೆ. ನಾಲ್ಕೈದು ವರ್ಷದಲ್ಲಿ ಹೈಸ್ಕೂಲ್ ಡಿಪ್ಲೊಮಾ ಜೊತೆಗೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿಯನ್ನೂ ಮುಗಿಸಬಹುದು. ಕಾಲೇಜಿನ ಟ್ಯೂಷನ್ ಫೀಸ್ ಕಟ್ಟಬೇಕಿಲ್ಲ. 2004ರಲ್ಲಿ ಗವರ್ನರ್ ಮೈಕ್ ಈಸ್ಲಿ ‘ಲರ್ನ್ ಅಂಡ್ ಅರ್ನ್’ ಯೋಜನೆ ತಂದ ಮೇಲೆ ಇವು ಹೆಚ್ಚುತ್ತಾ ಹೋಗಿ ಈಗ ರಾಜ್ಯದಲ್ಲಿ ನೂರಕ್ಕೂ ಜಾಸ್ತಿ ಇವೆ. ಕೆಲವು ಆರೋಗ್ಯ ಕ್ಷೇತ್ರಕ್ಕೇ ಮೀಸಲು. ರಾಲಿಯಲ್ಲಿರುವ ವೇಕ್ ಅರ್ಲಿ ಕಾಲೇಜ್ ಆಫ್ ಹೆಲ್ತ್ ಅಂಡ್ ಸೈನ್ಸಸ್ ಅಂಥದ್ದು. ಮನೆಯಲ್ಲಿ ಇದುವರೆಗೆ ಯಾರೂ ಕಾಲೇಜು ಮೆಟ್ಟಿಲು ಹತ್ತದ ಮಕ್ಕಳಿಗೆ ಇಲ್ಲಿ ಆದ್ಯತೆ.

ಎಲ್ಲರೂ ಮಾತಾಡೋದು ಕಾಲೇಜ್ ಕ್ರೆಡಿಟ್ ಬಗ್ಗೆ, ಉಳಿಯುವ ಡಾಲರ್ ಬಗ್ಗೆ. ನನಗೆ ಇದರ ದೊಡ್ಡ ಲಾಭ ಕಾಣೋದು ಬೇರೆ ಕಡೆ. ಇನ್ನೊಬ್ಬರ ಮೈ ಮುಟ್ಟುವ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಅನ್ನೋದು ಹದಿನಾರು, ಹದಿನೇಳರಲ್ಲೇ, ಖರ್ಚಿಲ್ಲದೆ ಗೊತ್ತಾಗುತ್ತದೆ. ನಮ್ಮ ಕಡೆ ಪಿಸಿಎಂಬಿ, ಕೋಚಿಂಗ್, ನೀಟ್ ಎಲ್ಲ ದಾಟಿ, ಸೀಟು ಸಿಕ್ಕಿ, ಫೀಸು ಕಟ್ಟಿದ ಮೇಲೇ ತಾನೇ ವಾರ್ಡು ನೋಡೋದು? ನನ್ನ ಜೊತೆ ಓದಿದವರಲ್ಲಿ ಮೊದಲ ಬೆಡ್‌ಪ್ಯಾನ್ ಎತ್ತಿದ ದಿನ ಹಾಸ್ಟೆಲಿನಲ್ಲಿ ಅತ್ತವರಿದ್ದರು. ವಾಪಸ್ ಹೋಗಲು ಅವರಿಗೆ ದಾರಿಯೇ ಇರಲಿಲ್ಲ.

ನನ್ನ ಪಾಲಿಗೆ ಬಂದಿರುವುದು ನರ್ಸಿಂಗ್ ಫಂಡಮೆಂಟಲ್ಸ್, ಅಂದರೆ ನರ್ಸ್ ಏಡ್ (ನರ್ಸ್‌ಗಳ ಕೈಕೆಳಗೆ ರೋಗಿಗಳ ದಿನನಿತ್ಯದ ಆರೈಕೆ ಮಾಡುವ ಸಹಾಯಕರು) ತರಬೇತಿ. ದೇಶದ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಆಗಬೇಕು. ಸೋಂಕು ತಡೆ, ಸುರಕ್ಷತೆ, ವೃದ್ಧರ ಹಕ್ಕುಗಳು ಇತ್ಯಾದಿಗೆ ಮೊದಲ 16 ಗಂಟೆ ಕೊಡದೆ ಯಾರನ್ನೂ ಮುಟ್ಟುವಂತಿಲ್ಲ.

ನಾನು ಶುರು ಮಾಡೋದು ಕೈ ತೊಳೆಯುವುದರಿಂದ. ಮಕ್ಕಳು ನಗುತ್ತಾರೆ. ನಗಲಿ. ನೇರಳೆ ದೀಪದ ಕೆಳಗೆ ಹೊಳೆಯುವ ಒಂದು ಜೆಲ್ ಬರುತ್ತದೆ. ಅದನ್ನು ಕೈಗೆ ಹಚ್ಚಿ, ‘ಹೋಗಿ ತೊಳ್ಕೊಂಡು ಬನ್ನಿ’ ಅಂತೀನಿ. ಬಂದ ಮೇಲೆ ಲೈಟ್ ಆರಿಸಿ ಆ ದೀಪ ಹಿಡಿದರೆ ಉಗುರಿನ ಸುತ್ತ, ಹೆಬ್ಬೆರಳಿನ ಬುಡ, ಮಣಿಕಟ್ಟು ಎಲ್ಲ ಮಿಣಮಿಣ. ಅಲ್ಲಿಗೆ ನಗು ನಿಲ್ಲುತ್ತದೆ. ಆಮೇಲೆ ನರ್ಸ್ ಏಡ್ ಪರೀಕ್ಷೆಯ ಕ್ರಮ: ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಬೇಕು, ಉಗುರನ್ನು ಅಂಗೈಗೆ ತಿಕ್ಕಬೇಕು, ಬೆರಳು ಕೆಳಮುಖವಾಗಿಯೇ ಇರಬೇಕು. ಸಿಂಕಿನ ಒಳಗೋಡೆಗೆ ಕೈ ತಾಗಿದರೆ ಮತ್ತೆ ಮೊದಲಿಂದ. ನಲ್ಲಿ ತಿರುಗಿಸೋದು ಪೇಪರ್ ಟವೆಲ್ ಹಿಡಿದು. ಪರೀಕ್ಷೆಯಲ್ಲಿ ಕೇಳುವ ಐದು ಕೆಲಸಗಳಲ್ಲಿ ಇದೊಂದು ಖಾಯಂ.

ಬಿಪಿ ನೋಡೋದು ಇದಕ್ಕಿಂತ ಕಷ್ಟ. ಬಟನ್ ಒತ್ತಿದರೆ ನಂಬರ್ ಬರುವ ಮೆಷಿನ್ ಎಲ್ಲರ ಮನೆಯಲ್ಲೂ ಇದೆ. ಸ್ಟೆತಾಸ್ಕೋಪ್ ಇಟ್ಟು, ಗಾಳಿ ಮೆಲ್ಲಗೆ ಬಿಡುತ್ತಾ, ಡಬ್ ಡಬ್ ಸದ್ದು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಅಂತ ಹಿಡಿಯೋದು ಬೇರೆಯೇ ವಿದ್ಯೆ. ಸದ್ದು ಕೇಳದಿದ್ದರೂ ಕೇಳಿತು ಅನ್ನುವ ಆಸೆ ಎಲ್ಲರಿಗೂ. ಹಾಗೆ ಬರೆದು ತಂದ ಚೀಟಿಗಳನ್ನು ನಾನು ಥಟ್ಟನೆ ಗುರುತಿಸುತ್ತೇನೆ. ಡಯಲ್‌ನಲ್ಲಿ ಗೆರೆ ಇರೋದು ಎರಡೆರಡರ ಅಂತರದಲ್ಲಿ. ‘117/79’ ಅಂತ ಬರೆದವನು ಆ ನಂಬರ್ ತಂದದ್ದು ಎಲ್ಲಿಂದ? ಇದು ಗೊತ್ತಾದ ಮೇಲೆ ಜಾಣರು ‘118/78’ ಬರೆಯಲು ಶುರು ಮಾಡಿದರು. ಅದಕ್ಕೂ ಮದ್ದಿದೆ. ಒಂದೇ ಸ್ಟೆತಾಸ್ಕೋಪಿಗೆ ಇಬ್ಬರು ಕಿವಿ ಕೊಡುವ ಜೋಡಿ ಕೊಳವೆಯದು ಸಿಗುತ್ತದೆ. ಒಂದು ನನ್ನ ಕಿವಿಗೆ, ಒಂದು ಅವರದಕ್ಕೆ. ಪರೀಕ್ಷಕರ ರೀಡಿಂಗಿಗೂ ಇವರದಕ್ಕೂ 8ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಫೇಲ್. ಕೇಳಿಸದಿದ್ದರೆ ‘ಕೇಳಿಸಲಿಲ್ಲ, ಇನ್ನೊಮ್ಮೆ ನೋಡ್ತೀನಿ’ ಅಂತ ಹೇಳಿದವರಿಗೆ ನನ್ನ ಕ್ಲಾಸಿನಲ್ಲಿ ಪೂರ್ತಿ ಅಂಕ. ಸುಳ್ಳು ಬಿಪಿ ಬರೆಯುವ ಅಭ್ಯಾಸ ಹದಿನಾರಕ್ಕೆ ಬಿದ್ದರೆ ನಲವತ್ತಕ್ಕೂ ಹೋಗಲ್ಲ.

ಊಟ ಮಾಡಿಸೋದನ್ನು ಕಲಿಸುವಾಗ ಅರ್ಧ ಕ್ಲಾಸು ರೋಗಿ. ತಲೆ ಭಾಗ ಎತ್ತಿದ ಹಾಸಿಗೆಯಲ್ಲಿ ಒರಗಿ ಕೂರಬೇಕು, ಕೈ ಎತ್ತುವಂತಿಲ್ಲ. ಸಹಪಾಠಿ ಚಮಚದಲ್ಲಿ ಸೇಬಿನ ಪೇಸ್ಟ್ ತಿನ್ನಿಸುತ್ತಾನೆ. ನಿಂತುಕೊಂಡು ತಿನ್ನಿಸಿದರೆ ಹೇಗಿರುತ್ತದೆ, ಎದುರು ಕೂತು ‘ಇದು ಸೇಬು’ ಅಂತ ಹೇಳಿ ತಿನ್ನಿಸಿದರೆ ಹೇಗಿರುತ್ತದೆ ಅನ್ನೋದು ತಿಂದವರಿಗೆ ಗೊತ್ತು. ನಾನು ಉಪನ್ಯಾಸ ಕೊಡೋದೇ ಬೇಡ.

ಇಷ್ಟಾದ ಮೇಲೆ ವೃದ್ಧರ ಆರೈಕೆ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಹದಿನೆಂಟು ತುಂಬದವರು ರೋಗಿಯನ್ನು ಎತ್ತುವ ವಿದ್ಯುತ್ ಲಿಫ್ಟನ್ನು ಒಬ್ಬರೇ ನಡೆಸುವಂತಿಲ್ಲ, ಹಾಗಾಗಿ ಅಲ್ಲಿ ನನ್ನ ಕಣ್ಣು ಸದಾ ಆ ಲಿಫ್ಟಿನ ಮೇಲೇ. ಉಳಿದದ್ದನ್ನು ಅವರೇ ಮಾಡಲಿ ಅಂತ ಬಿಡುತ್ತೇನೆ. ಒಬ್ಬ ಹುಡುಗಿ ಬರೆಯುವ ಪರೀಕ್ಷೆಗಳಲ್ಲೆಲ್ಲ ಮೊದಲು. ಅಜ್ಜಿಯೊಬ್ಬರ ಹಲ್ಲುಸೆಟ್ಟು ತೊಳೆಯಲು ಹೇಳಿದೆ. ಸಿಂಕಿನ ತಳಕ್ಕೆ ಟವೆಲ್ ಹಾಸಿದಳು, ಜಾರಿ ಬಿದ್ದರೆ ಒಡೆಯಬಾರದಲ್ಲ. ಬಿಸಿನೀರು ಬಿಟ್ಟು ಬೆಚ್ಚಗಿನ ನೀರು ಹಿಡಿದಳು. ಎಲ್ಲ ಸರಿ, ಮುಖ ಮಾತ್ರ ಬಿಳಿಚಿಕೊಂಡಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ‘ಮಿಸ್, ನನಗೆ ಆಸ್ಪತ್ರೆಯ ಲೆಕ್ಕಾಚಾರ, ಡೇಟಾ ಇಷ್ಟ. ಇದು ನನ್ನಿಂದ ಆಗಲ್ಲ’ ಅಂದಳು. ಅವಳ ಅಮ್ಮನಿಗೆ ಬೇಜಾರು. ನನಗಂತೂ ಖುಷಿಯಾಯಿತು. ಅದೇ ಬ್ಯಾಚಿನಲ್ಲಿ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬ ಅಲ್ಲಿನ ಅಜ್ಜಂದಿರಿಗೆ ಶೇವಿಂಗ್ ಮಾಡಿಸುವುದರಲ್ಲಿ ಎತ್ತಿದ ಕೈ ಆಗಿಬಿಟ್ಟ.

ಈಗ ನಮ್ಮವರ ಫೋನ್ ಕರೆಗಳ ವಿಷಯ. ರಾಲಿ ಪಕ್ಕದ ಕ್ಯಾರಿ, ಮಾರಿಸ್‌ವಿಲ್ ಕಡೆ ಕನ್ನಡದ ಮನೆಗಳು ಸಾಕಷ್ಟಿವೆ. ‘ಅಕ್ಕಾ, ಇಲ್ಲಿ ಸೇರಿಸಿದ್ರೆ ಡಾಕ್ಟರ್ ಆಗೋದು ಎರಡು ವರ್ಷ ಬೇಗ ಆಗುತ್ತಲ್ವಾ?’ ಅಂತ ಕೇಳುತ್ತಾರೆ. ಆಗಬಹುದು, ಆದರೆ ಒಂದು ಮಾತು. ಇಲ್ಲಿ ಮೆಡಿಕಲ್ ಸೇರಲು ಎಎಂಸಿಎಎಸ್ (ಮೆಡಿಕಲ್ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆ) ಮೂಲಕ ಅರ್ಜಿ ಹಾಕುವಾಗ, ಹೈಸ್ಕೂಲಲ್ಲಿದ್ದಾಗ ತೆಗೆದುಕೊಂಡ ಕಾಲೇಜ್ ಕೋರ್ಸುಗಳನ್ನೂ ತೋರಿಸಲೇಬೇಕು. ಹದಿನೈದರಲ್ಲಿ ಆಟವಾಡಿಕೊಂಡು ತಂದ ಸಿ ಗ್ರೇಡ್ ಇಪ್ಪತ್ತೆರಡರಲ್ಲೂ ಅರ್ಜಿಯಲ್ಲಿ ಕೂತಿರುತ್ತದೆ. ಇನ್ನೊಂದು, ಕಾಲೇಜಿನ ಪ್ರೊಫೆಸರಿಗೆ ಅಪ್ಪ ಅಮ್ಮ ಮೇಲ್ ಮಾಡಿದರೆ ಉತ್ತರ ಬರೋದು ಕಷ್ಟ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಪಾಡುವ ಫೆರ್ಪಾ ಕಾನೂನಿನಲ್ಲಿ ಕಾಲೇಜ್ ದಾಖಲೆಯ ಹಕ್ಕು ವಿದ್ಯಾರ್ಥಿಯದು, ವಯಸ್ಸು ಎಷ್ಟೇ ಇರಲಿ. ಅಂಕ ತಿಳಿಯಲು ಹೈಸ್ಕೂಲ್ ಮೂಲಕ ದಾರಿ ಇದೆ, ಆದರೆ ಪ್ರೊಫೆಸರ್ ಮುಂದೆ ಮಗುವೇ ಬಾಯಿ ಬಿಡಬೇಕು.

ಅದಕ್ಕೇ ಸೆಮಿಸ್ಟರ್ ಶುರುವಾದ ವಾರ ನಾನು ಮಕ್ಕಳಿಂದ ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಬರೆಸುತ್ತೇನೆ: ಕೋರ್ಸ್ ಬಿಡಲು ಕೊನೆಯ ದಿನ. ಅಷ್ಟರೊಳಗೆ ಬಿಟ್ಟರೆ ಹೆಚ್ಚೆಂದರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ, ಅಂದರೆ ಕೋರ್ಸ್ ಬಿಟ್ಟ ಗುರುತು, ಬೀಳುತ್ತದೆ. ಜಗ್ಗಾಡಿಕೊಂಡು ಕೂತು ಫೇಲಾದರೆ ಎಫ್. ‘ಡಬ್ಲ್ಯೂ ಬಂದರೆ ಮರ್ಯಾದೆ ಹೋಗಲ್ವಾ ಅಕ್ಕಾ?’ ಅಂತ ಮೊನ್ನೆಯೂ ಒಬ್ಬರು ಕೇಳಿದರು. ಎಫ್ ಬಂದಷ್ಟು ಹೋಗಲ್ಲ ಅಂದೆ.